ಒದ್ದೆ ಅಂಗೈಯವಳು

ಬಂದ್ಯಾ? ಕೈ ತೊಳ್ಕೊಂಡ್ಯಾ? ಒರೆಸ್ಕೊಂಡೇ ಇಲ್ಲ ನೋಡು, ನೀರು ಸೋರ್ತಾ ಇದೆ. ಬಾ, ನನ್ನ ಸೆರಗಿಗೆ ಒರೆಸು. ಒದ್ದೆ ಕೈಲಿ ಈ ಕತೆ ಕೇಳಬಾರದು ಮಗಾ. ಯಾಕೆ ಅಂತ ಈಗಲೇ ಕೇಳಬೇಡ, ಅದೇ ಕತೆ. ಕಾಲು ನನ್ನ ತೊಡೆ ಮೇಲೆ ಹಾಕು, ಹಾಂ, ಹಾಗೆ. ಇನ್ನು ನಾನು ಹೇಳ್ತಾ ಹೋಗ್ತೀನಿ, ನೀನು ಹೂಂ ಅನ್ತಾ ಇರಬೇಕು. ಮರೆತೆ ಅಂದ್ರೆ ಗೋಡೆ ಆಚೆ ನಿಂತಿರೋರು ಯಾರಾದ್ರೂ ಹೂಂ ಅಂದುಬಿಡ್ತಾರೆ. ಆಮೇಲೆ ನಾನು ಕತೆ ಹೇಳ್ತಿರೋದು ನಿನಗೋ ಅವರಿಗೋ ನನಗೇ ಗೊತ್ತಾಗಲ್ಲ. ತಿಳೀತಾ? ಹಾಗಾದ್ರೆ ಹೂಂ ಅನ್ನು.

ಒಂದಾನೊಂದು ಕಾಲದಲ್ಲಿ, ಈ ಹೊಳೆಗೆ ಇನ್ನೂ ಸೇತುವೆ ಬಂದಿರಲಿಲ್ಲ, ದೋಣಿಯೋನಿಗೆ ಕೂಗು ಹಾಕಿದ್ರೇನೇ ಆಚೆ ದಡ, ಅಂಥ ಕಾಲದಲ್ಲಿ, ಹೊಳೆ ಹೋಗಿ ಸಮುದ್ರ ಸೇರೋ ಅಳಿವೆ ಬಾಯಲ್ಲಿ ಜಟ್ಟಪ್ಪ ಅಂತ ಒಬ್ಬ ಅಂಬಿಗ ಇದ್ನಂತೆ. ಹೆಂಡತಿ ತೀರಿಹೋಗಿದ್ಲಂತೆ, ಮೂರು ಜನ ಹೆಣ್ಣುಮಕ್ಕಳು. ದೊಡ್ಡೋಳು ಹೊನ್ನಮ್ಮ, ಕೈ ಚುರುಕು, ಆದ್ರೆ ಕಾಯೋ ಬುದ್ಧಿ ಇಲ್ಲ, ಅನ್ನ ಬೇಯೋಕೆ ಮುಂಚೆ ನಾಲ್ಕು ಸಲ ಮುಚ್ಚಳ ತೆಗೆಯೋಳು. ನಡುವಿನೋಳು ತುಳಸು, ಜಾಣೆ, ಊರಿಗೆಲ್ಲ ಬುದ್ಧಿ ಹೇಳೋಳು, ನಿನ್ನ ದೊಡ್ಡಮ್ಮನ ಹಾಗೆ ಅಂತ ಇಟ್ಕೋ, ಅವಳಿಗೆ ಹೇಳಬೇಡ ಮತ್ತೆ. ಚಿಕ್ಕೋಳು ಕುಸಲಿ. ಅವಳು ಬಲು ನಿಧಾನ. ತಲೆ ಬಾಚೋಕೆ ಕೂತ್ರೆ ಹಚ್ಚಿದ ಎಣ್ಣೆ ಆರೋವರೆಗೂ ಬಾಚ್ತಾಳೆ ಅಂತ ಅಕ್ಕಂದಿರು ಬೈತಿದ್ರಂತೆ.

ಜಟ್ಟಪ್ಪ ಬಲೆ ಬೀಸೋನಲ್ಲ, ಗಾಳದೋನು. ಅದೂ ಸತ್ತ ಮೀನಿನ ಚೂರು ಚುಚ್ಚಿ ಕೂರೋ ಸೋಮಾರಿ ಗಾಳ ಅಲ್ಲ, ಜೀವ ಇರೋ ಸಿಗಡಿ. ಬೆಳಗಾಗೆದ್ದು ಗದ್ದೆ ಬದಿ ತೋಡಲ್ಲಿ ಸಿಗಡಿ ಹಿಡಿದು, ಮಡಕೆ ನೀರಲ್ಲಿ ಜೀವಂತ ಇಟ್ಕೊಂಡು, ಬೆನ್ನಿಗೆ ನೋವಾಗದ ಹಾಗೆ ಸಣ್ಣಗೆ ಚುಚ್ಚಿ ಗಾಳಕ್ಕೆ ಏರಿಸ್ತಿದ್ನಂತೆ. ನೋವಾಗದ ಹಾಗೆ ಅಂತ ಅವನು ಹೇಳ್ತಿದ್ದ, ಸಿಗಡೀನ ಯಾರು ಕೇಳಿದ್ರು? ಸಿಗಡಿ ಸಾಯಬಾರದು, ನೀರಡಿ ಕಾಲು ಆಡಿಸ್ತಾ ಇರಬೇಕು, ಆಗಲೇ ದೊಡ್ಡ ಕೆಂಬೇರಿ ಮೀನು ಬಾಯಿ ಹಾಕೋದು. ಆದ್ರೆ ಸಿಗಡಿಗೆ ತೂಕ ಎಲ್ಲಿದೆ? ಹೊಳೆ ಎಳ್ಕೊಂಡು ಹೋಗುತ್ತೆ. ಅದಕ್ಕೆ ಗಾಳದ ಕುತ್ತಿಗೆಗೆ ಕಡಲೆಕಾಳಿಗಿಂತ ದೊಡ್ಡದಾದ ಒಂದು ಸೀಸದ ಗುಂಡು. ಜೀವ ಈಜಬೇಕು, ಸೀಸ ಮುಳುಗಬೇಕು, ಎರಡೂ ಸೇರಿದ್ರೆ ಸಂಜೆಗೆ ಸಾರು, ಅಂತ ಜಟ್ಟಪ್ಪನ ಗಾದೆ.

ಆ ಸೀಸದ ಗುಂಡು ಮನೇಲೇ ಎರೀತಿದ್ರಂತೆ. ಅದು ಹೆಣ್ಣುಮಕ್ಕಳ ಕೆಲಸ. ಮಟಮಟ ಮಧ್ಯಾಹ್ನ, ಬಿಸಿಲು ನೆತ್ತಿ ಮೇಲೆ ಬಂದಾಗ ಮನೆ ಹಿಂದೆ ಕೂತು, ತೆಂಗಿನ ಗೆರಟೆ ಕೆಂಡ ಮಾಡಿ, ಕಬ್ಬಿಣದ ಸೌಟಲ್ಲಿ ಸೀಸ ಕರಗಿಸೋದು. ಬಳಪದ ಕಲ್ಲಲ್ಲಿ ಕೊರೆದ ಎರಡು ಹೋಳು ಅಚ್ಚು ಇತ್ತಂತೆ, ಹೋಳುಗಳ ನಡುವೆ ಗಾಳ ಇಟ್ಟು, ಎರಡನ್ನೂ ತಂತಿಯಲ್ಲಿ ಬಿಗಿದು ಕಟ್ಟಿ, ಮೇಲಿನ ತೂತಿಂದ ಕರಗಿದ ಸೀಸ ಎರೆದ್ರೆ ಒಳಗೆ ಗುಂಡು ಕೂರುತ್ತೆ. ಸೀಸ ಕಲ್ಲಿಗೆ ಅಂಟಬಾರದು ಅಂತ ಮೊದಲೇ ಅಚ್ಚಿಗೆ ಎಣ್ಣೆದೀಪದ ಮಸಿ ಹಿಡಿಸೋರು. ಎಲ್ಲಕ್ಕಿಂತ ದೊಡ್ಡ ಮಾತು ಒಂದಿತ್ತಂತೆ. ಅಚ್ಚಲ್ಲಿ ಒಂದು ಹನಿ ಪಸೆ ಇರಬಾರದು. ಪಸೆ ಇರೋ ಕಡೆ ಸೀಸ ಬಿದ್ರೆ ಢಂ ಅಂತ ಸಿಡಿದು ಕಣ್ಣಿಗೆ ಬರುತ್ತೆ. ಅಚ್ಚು ಕೆಂಡದ ಪಕ್ಕ ಇಟ್ಟು ಕಾಯಿಸಿ, ಆಮೇಲೆ ಎತ್ತಿ ಕೆನ್ನೆಗೆ ಒತ್ತಿ ನೋಡೋದು. ಕೆನ್ನೆಗೆ ತಣ್ಣಗಿದ್ರೆ ಒಳಗೆ ಇನ್ನೂ ನೀರಿದೆ, ಕಾಯಿ. ಬೆಚ್ಚಗಿದ್ರೆ ಎರಿ. ಕಣ್ಣು ಸುಳ್ಳು ಹೇಳುತ್ತೆ, ಬೆರಳು ಸುಳ್ಳು ಹೇಳುತ್ತೆ, ಕೆನ್ನೆ ಸುಳ್ಳು ಹೇಳಲ್ಲ ಅಂತ ಅವರಮ್ಮ ಬದುಕಿದ್ದಾಗ ಮೂರೂ ಮಕ್ಕಳಿಗೆ ಹೇಳಿಕೊಟ್ಟಿದ್ಲಂತೆ.

ಹೂಂ ಅನ್ನೇ.

ಆ ಅಳಿವೆ ಹತ್ರ, ಕರಿಬಂಡೆ ಕೆಳಗೆ ಒಂದು ಮಡು ಇತ್ತಂತೆ. ತಳ ಕಂಡೋರಿಲ್ಲ. ಒಳಗೊಂದು ಮರ ಮುಳುಗಿಕೊಂಡಿದೆ ಅಂತ ಎಲ್ಲರೂ ಹೇಳೋರು, ಯಾಕಂದ್ರೆ ಅಲ್ಲಿ ಗಾಳ ಬಿಟ್ರೆ ಎಷ್ಟೋ ಸಲ ಏನಕ್ಕೋ ಸಿಕ್ಕಿಹಾಕಿಕೊಳ್ತಿತ್ತು. ಸಿಕ್ಕಿಕೊಂಡ್ರೆ ಎಳೀಬಾರದು, ಮುಳುಗಿ ಬಿಡಿಸಬಾರದು. ದಾರ ಕತ್ತರಿಸಿ, ಇಟ್ಕೋ ಅಂತ ಒಂದು ಮಾತು ಹೇಳಿ, ಹಿಂದೆ ನೋಡದೆ ದೋಣಿ ತಿರುಗಿಸಬೇಕು. ಅಪ್ಪನ ಕಾಲ, ಅಜ್ಜನ ಕಾಲ, ಮುತ್ತಜ್ಜನ ಕಾಲದಿಂದ ಹಾಗೇ. ಯಾರಿಗೆ ಇಟ್ಕೋ ಅನ್ನೋದು, ಯಾಕೆ ಅನ್ನೋದು, ಅದನ್ನ ಮಾತ್ರ ಎಲ್ಲರೂ ಮರೆತುಬಿಟ್ಟಿದ್ರಂತೆ. ಪದ್ಧತಿ ಉಳ್ಕೊಂಡಿತ್ತು, ಕಾರಣ ಕೊಚ್ಚಿಹೋಗಿತ್ತು.

ಒಂದು ವರ್ಷ ಏನಾಯ್ತು ಅಂದ್ರೆ, ಸೀಸ ತರೋ ಸಾಬರು ಊರ ಕಡೆ ಬರಲೇ ಇಲ್ವಂತೆ. ಮನೇಲಿದ್ದ ಗುಂಡೆಲ್ಲ ಮುಗೀತು. ಅಷ್ಟರಲ್ಲಿ ಅಮಾವಾಸ್ಯೆ ಬಂತು, ಅಮಾವಾಸ್ಯೆ ಇಳಿತ ಗೊತ್ತಲ್ಲ, ನೀರು ಹೊಳೆ ಬಿಟ್ಟು ಓಡಿಹೋದ ಹಾಗೆ ಇಳಿಯುತ್ತೆ, ಆ ದಿನ ಯಾವತ್ತೂ ಇಳಿಯದಷ್ಟು ಇಳೀತಂತೆ. ಜಟ್ಟಪ್ಪ ದೋಣಿ ತಗೊಂಡು ಕರಿಬಂಡೆ ಹತ್ರ ಹೋದ. ಬಗ್ಗಿ ನೋಡ್ತಾನೆ, ಮಡುವಿನಲ್ಲಿ ಮರ ಕಾಣ್ತಿದೆ! ಕೈಗೆಟುಕೋ ಆಳದಲ್ಲಿ ಕರ್ರಗೆ ಬಳುಕೋ ಬೇರುಗಳು, ಬೇರು ತುಂಬ ಸೀಸದ ಗುಂಡು. ಅಜ್ಜನದು, ಮುತ್ತಜ್ಜನದು, ಊರಿನ ಎಲ್ಲರದು, ನೇರಳೆ ಹಣ್ಣಿನ ಹಾಗೆ ಗೊಂಚಲು ಗೊಂಚಲು. ಯಾರೂ ತಿನ್ನದ ಹಣ್ಣು ಯಾಕೆ ಕೊಳೀಬೇಕು ಅಂದ್ಕೊಂಡು ಜಟ್ಟಪ್ಪ ಕತ್ತಿ ತೆಗೆದ. ಕೈ ಮುಳುಗಿಸಿ, ಬೇರು ಕತ್ತರಿಸಿ ಕತ್ತರಿಸಿ ಬುಟ್ಟಿಗೆ ತುಂಬಿದ. ಬೇರು ಕತ್ತರಿಸುವಾಗ ಬೇರಿನ ಹಾಗೆ ಕಟಕ್ ಅನ್ನಲಿಲ್ವಂತೆ. ಕೂದಲಿನ ಹಾಗೆ ಸರಕ್ ಸರಕ್ ಅಂತಿತ್ತಂತೆ. ಅವನು ಕೇಳಿಸಿಕೊಳ್ಳಲಿಲ್ಲ. ಆಸೆ ಬಂದಾಗ ಕಿವಿ ಕೆಲಸ ಮಾಡಲ್ಲ.

ಮಾರನೇ ಮಧ್ಯಾಹ್ನ ಮಕ್ಕಳು ಆ ಸೀಸ ಕರಗಿಸಿದ್ರೆ ಮನೆಯೆಲ್ಲ ಕೂದಲು ಸುಟ್ಟ ವಾಸನೆ. ಕುಸಲಿ ಮೂಗು ಮುಚ್ಕೊಂಡು, ಅಪ್ಪಾ, ಇದು ಬೇರು ಸುಟ್ಟ ವಾಸನೆ ಅಲ್ಲ ಅಂದ್ಲಂತೆ. ನಿನ್ನ ಕೂದಲೇ ಕೆಂಡಕ್ಕೆ ತಾಗಿರಬೇಕು ನೋಡ್ಕೋ, ಅಂತ ಅಪ್ಪ ನಕ್ಕುಬಿಟ್ಟ. ಹೊಸ ಗುಂಡು ತಗೊಂಡು ಹೊಳೆಗೆ ಹೋದ. ಅಯ್ಯೋ, ಏನು ಮೀನು ಅಂತೀಯ! ಸಿಗಡಿ ನೀರಿಗೆ ಮುಟ್ಟೋಕೆ ಮುಂಚೆ ಕಚ್ಚೋದು. ಕೆಂಬೇರಿ, ಕಾಣೆ ಮೀನು, ಹೆಸರೇ ಗೊತ್ತಿಲ್ಲದ್ದು. ಮೀನುಗಳು ಹಸಿವಿಂದ ಬಂದ ಹಾಗೆ ಇರಲಿಲ್ವಂತೆ, ಕೆಳಗಿಂದ ಏನನ್ನೋ ಕಂಡು ಹೆದರಿ ಮೇಲಕ್ಕೆ ಓಡಿಬಂದ ಹಾಗೆ ಇತ್ತಂತೆ.

ಆಮೇಲೆ ಒಂದು ದಿನ ಅಪ್ಪ ಹೊಳೆಯಿಂದ ಬಂದಾಗ ಕುಸಲಿ ಅಂಗಳದಲ್ಲಿ ನಿಂತಿದ್ಲಂತೆ. ದಡದ ಕೆಸರು ತುಳ್ಕೊಂಡು ಅಪ್ಪ ಬರ್ತಾ ಇದಾನೆ, ಹೆಗಲ ಮೇಲೆ ಮೀನು, ಬಾಯಲ್ಲಿ ಹಾಡು. ಹಿಂದೆ ನೋಡಿದ್ರೆ ಕೆಸರಲ್ಲಿ ಹೆಜ್ಜೆ ಇಲ್ಲ. ಏಡಿ ಹೋದ ಗೆರೆ ಇದೆ, ಕೊಕ್ಕರೆ ಕಾಲಿನ ಗುರುತಿದೆ, ಅಪ್ಪಂದು ಮಾತ್ರ ಇಲ್ಲ. ಮಾರನೇ ದಿನ ಅಪ್ಪ ದೋಣಿಗೆ ಕಾಲಿಟ್ರೆ ದೋಣಿ ಒಂಚೂರೂ ವಾಲಲಿಲ್ಲ. ಅದರ ಮಾರನೇ ದಿನ ಚಾಪೆ ಮೇಲೆ ಮಲಗಿದ್ರೆ ಚಾಪೆಯಲ್ಲಿ ತಗ್ಗಿಲ್ಲ. ಊಟ ಮಾತ್ರ ಎರಡು ಪಾಲು ಮಾಡ್ತಾನೆ, ಹೊಟ್ಟೆ ಬೀಗ್ತದೆ, ಆದ್ರೆ ಆಸಾಮಿ ಹತ್ತಿ ಕಾಯಿ ಒಡೆದ ಹಾಗೆ ಹಗುರ. ಮಧ್ಯಾಹ್ನ ಕಳೆದ ಮೇಲೆ ಸಮುದ್ರದ ಕಡೆಯಿಂದ ಪಡುಗಾಳಿ ಏಳುತ್ತಲ್ಲ, ಆ ಗಾಳಿಗೆ ಒಂದು ದಿನ ಅವನ ಎರಡು ಕಾಲೂ ನೆಲ ಬಿಟ್ವು, ಕುಸಲಿ ಪಂಚೆ ಚುಂಗು ಹಿಡಿದು ಎಳ್ಕೊಂಡು ಒಳಗೆ ತಂದ್ಲಂತೆ. ಆವತ್ತಿಂದ ಜಟ್ಟಪ್ಪ ಹಾಡೋದು ಬಿಟ್ಟ. ಅವನಿಗೂ ಗೊತ್ತಾಗಿತ್ತು.

ನಗ್ತೀಯಾ? ನಗು ನಗು. ನಿಮ್ಮಪ್ಪ ಹಾಗೆ ಹಾರಿಹೋದ್ರೆ ನೀನು ನಗ್ತಿದ್ಯೋ ನೋಡ್ತೀನಿ.

ಅದರ ಮಾರನೇ ಮಧ್ಯಾಹ್ನ ಮನೆ ಹಿಂದೆ ಹೊನ್ನಮ್ಮ ಒಬ್ಬಳೇ ಕೂತು ಸೀಸ ಎರೀತಿದ್ಲು. ಕಾಗೆ ಕೂಡ ಕೂಗದ ಹೊತ್ತು. ಯಾರೋ ಬಂದು ನಿಂತ ಹಾಗಾಯ್ತು. ತಲೆ ಎತ್ತಿದ್ರೆ ಒಬ್ಬ ಹೆಂಗಸು. ಸೀರೆ ಮೈಗೆ ಅಂಟಿಕೊಂಡಿದೆ, ಮೈಯಿಂದ ನೀರು ತೊಟ್ಟಿಕ್ತಿದೆ, ಕೂದಲು ಒಂದು ಕಡೆ ಉದ್ದ, ಒಂದು ಕಡೆ ಯಾರೋ ಕತ್ತಿಯಲ್ಲಿ ಕೊಯ್ದ ಹಾಗೆ ಮೋಟು. ಕಾದ ಮರಳಿನ ಮೇಲೆ ಹೊಳೆಯಿಂದ ಮನೆವರೆಗೂ ನೀರಿನ ಚಿಕ್ಕೆ ಚಿಕ್ಕೆ, ಒಂದು ಹೆಜ್ಜೆಯ ತಗ್ಗಿಲ್ಲ. ಅವಳು ಅಂಗೈ ಬೊಗಸೆ ಮಾಡಿ ಮುಂದೆ ಚಾಚಿದ್ಲಂತೆ. ನನ್ನ ಭಾರ ನಿಮ್ಮನೇಲಿದೆ, ಇದರಲ್ಲಿ ಎರಿ, ಎರೆಯೋವರೆಗೂ ನಿಮ್ಮಪ್ಪನ ಭಾರ ನಾನಿಟ್ಕೊಂಡಿರ್ತೀನಿ, ಅಂದ್ಲಂತೆ. ಧ್ವನಿ ಹೇಗಿತ್ತು ಅಂದ್ರೆ, ಕೊಡದಲ್ಲಿ ನೀರು ತುಂಬುವಾಗ ಬರುತ್ತಲ್ಲ, ಗುಳುಗುಳು, ಹಾಗೆ.

ಹೊನ್ನಮ್ಮನಿಗೆ ಜೀವ ಬಾಯಿಗೆ ಬಂತು. ಕೊಟ್ಟು ಕಳಿಸಿಬಿಟ್ರೆ ಸಾಕು ಅಂತ, ಅಮ್ಮ ಹೇಳಿದ್ದೆಲ್ಲ ಮರೆತು, ಸೌಟೆತ್ತಿ ಆ ಒದ್ದೆ ಅಂಗೈಗೆ ಸುರಿದುಬಿಟ್ಲು. ಢಂ! ಸೀಸ ಸಿಡಿದು ಗೋಡೆಗೆ ಬಡೀತು, ಮಾಡಿನ ಹಂಚಿಗೆ ಬಡೀತು, ಹೊನ್ನಮ್ಮನ ಮೊಣಕೈ ಸುಟ್ಟಿತು. ಕಿರಿಚಿದ ಸದ್ದಿಗೆ ತಂಗಿಯರು ಓಡಿಬಂದ್ರೆ ಹೆಂಗಸಿಲ್ಲ, ನೆಲದ ಮೇಲೆ ನೀರು ಮಾತ್ರ. ಜಟ್ಟಪ್ಪ ಆ ಹೊತ್ತಿಗೆ ಇನ್ನಷ್ಟು ಹಗುರಾಗಿದ್ನಂತೆ, ಬೀಸಣಿಗೆ ಗಾಳಿಗೆ ಅಲುಗಾಡ್ತಿದ್ನಂತೆ.

ನಡುವಿನೋಳು ತುಳಸು ಅಂದ್ಲಂತೆ, ಅಕ್ಕಂಗೆ ಬುದ್ಧಿ ಸಾಲದು, ಬಿಸಿ ಸೀಸ ಯಾಕೆ ಸುರೀಬೇಕು, ಮಾಡಿಟ್ಟ ಗುಂಡು ಕೊಟ್ರೆ ಆಯ್ತಲ್ಲ, ನಾಳೆ ನಾನಿರ್ತೀನಿ. ಮಾರನೇ ಮಧ್ಯಾಹ್ನ ಬುಟ್ಟಿ ತುಂಬ ಗುಂಡು ಇಟ್ಕೊಂಡು ಕೂತ್ಲು. ಅದೇ ಹೊತ್ತು, ಅದೇ ನೀರು, ಅದೇ ಚಾಚಿದ ಅಂಗೈ. ತುಳಸು ಗುಂಡು ತೆಗೆದು ಅಂಗೈಲಿಟ್ರೆ ಕೆಸುವಿನ ಎಲೆ ಮೇಲಿನ ಹನಿ ಹಾಗೆ ಜಾರಿ ಜಾರಿ ಬಿದ್ದುಬಿಡ್ತಂತೆ. ಇದು ಮೀನಿಗೆ ಅಂತ ಮಾಡಿದ ಆಕಾರ, ನನ್ನ ಕೈಗೆ ನಿಲ್ಲಲ್ಲ, ನನ್ನ ಕೈಲೇ ಎರಿ, ಅಂದ್ಲು ಹೆಂಗಸು. ಅಷ್ಟಕ್ಕೆ ಬಿಟ್ರೆ ತುಳಸು ಹೇಗೆ ಆಗ್ತಾಳೆ? ಕೈಗೆ ನಿಲ್ಲದಿದ್ರೆ ಮನೆಗೇ ಮುಟ್ಟಿಸ್ತೀನಿ ಅಂತ ಬುಟ್ಟಿ ಹೊತ್ತು ದೋಣಿ ಹತ್ತಿ, ಕರಿಬಂಡೆ ಹತ್ರ ಹೋಗಿ ಅಷ್ಟೂ ಗುಂಡನ್ನ ಮಡುವಿಗೆ ಸುರಿದ್ಲು. ಮಗಾ, ಸೀಸ ತೇಲಿತಂತೆ! ಒಣಗಿದ ತೆಂಗಿನಕಾಯಿ ತೇಲೋ ಹಾಗೆ, ಒಂದೂ ಮುಳುಗಲಿಲ್ಲ, ಗಾಳದ ಮೊನೆ ಮೇಲೆ ಮಾಡ್ಕೊಂಡು ದೋಣಿ ಸುತ್ತ ಸುತ್ತಿದುವಂತೆ. ತುಳಸು ಹುಟ್ಟು ಹಾಕಿಕೊಂಡು ಓಡಿಬಂದ್ಲು. ಭರತ ಬಂದು ಉಬ್ಬರದ ನೀರು ಏರಿದಾಗ ಗುಂಡುಗಳೂ ಹಿಂದೇನೇ ಬಂದು, ಮನೆ ಮೆಟ್ಟಿಲ ಮೇಲೆ ಸಾಲಾಗಿ ಕೂತಿದ್ವಂತೆ.

ಅಪ್ಪನ ಕಾಲು ಈಗ ನೆಲಕ್ಕೇ ತಾಗ್ತಿರಲಿಲ್ಲ. ಸೊಂಟಕ್ಕೆ ದೋಣಿ ಹಗ್ಗ ಬಿಗಿದು ಜಗಲಿ ಕಂಬಕ್ಕೆ ಕಟ್ಟಿದ್ರಂತೆ. ಅವನು ಮಕ್ಕಳ ಮುಖ ನೋಡೋದು, ಕಣ್ಣೀರು ಹಾಕೋದು, ಆ ಕಣ್ಣೀರೂ ಕೆಳಗೆ ಬೀಳದೆ ಗಾಳೀಲಿ ಹೋಗಿಬಿಡೋದು. ಅಮ್ಮ ಮೊದಲೇ ಇಲ್ಲ, ಈಗ ಅಪ್ಪನೂ ಹೋದ್ರೆ ನಾವು ಯಾರ ಮನೆ ಮಕ್ಕಳು ಅಂತ ಮೂವರೂ ತಬ್ಕೊಂಡು ಅತ್ರಂತೆ. ಹಗ್ಗದ ಎಳೆ ಒಂದೊಂದೇ ಬಿಚ್ತಾ ಇತ್ತು. ನಾಳಿನ ಪಡುಗಾಳಿಗೆ ಅದು ತಡೆಯಲ್ಲ ಅಂತ ಎಲ್ಲರಿಗೂ ಕಾಣ್ತಿತ್ತು.

ಈಗ ಹೂಂ ಅಂದದ್ದು ನೀನೇ ತಾನೆ? ನಿನ್ನ ತುಟಿ ಅಲ್ಲಾಡಿದ್ದು ನಾನು ನೋಡಲಿಲ್ಲ. ಇರಲಿ, ಇನ್ನೂ ಹತ್ರ ಬಾ.

ಮೂರನೇ ಮಧ್ಯಾಹ್ನ ಕುಸಲಿ ಕೂತ್ಲು. ಮೆಟ್ಟಿಲ ಮೇಲಿನ ಗುಂಡೆಲ್ಲ ಆರಿಸಿ ತಂದು, ಒಂದೊಂದನ್ನೂ ಒರೆಸಿ ಬಿಸಿಲಲ್ಲಿ ಹರಡಿ, ಗೆರಟೆ ಕೆಂಡ ಮಾಡಿ, ಸೌಟಲ್ಲಿ ಇಟ್ಲು. ಸೀಸ ಕರಗ್ತಾ ಬಂದ ಹಾಗೆ ಒಳಗಿದ್ದ ಗಾಳಗಳು ಮೇಲಕ್ಕೆ ಬಂದು ತೇಲಿದ್ವಂತೆ. ಹೌದು ಮಗಾ, ಕರಗಿದ ಸೀಸದ ಮೇಲೆ ಕಬ್ಬಿಣ ತೇಲುತ್ತೆ, ಅದು ಕತೆ ಅಲ್ಲ, ನಿಜ. ಕುಸಲಿ ಕಡ್ಡಿಯಲ್ಲಿ ಗಾಳವನ್ನೆಲ್ಲ ತೆಗೆದು ಆಚೆ ಇಟ್ಲು. ಯಾರಿಗೋ ಅವರ ವಸ್ತು ಕೊಡುವಾಗ ಒಳಗೆ ಕೊಕ್ಕೆ ಇಟ್ಟು ಕೊಡ್ತಾರಾ ಅಂದ್ಕೊಂಡ್ಲಂತೆ.

ಹೆಂಗಸು ಬಂದ್ಲು. ಅಂಗೈ ಚಾಚಿದ್ಲು. ಎರಿ ಅಂದ್ಲು.

ಕುಸಲಿಗೂ ಹೆದರಿಕೆ ಇರಲಿಲ್ವಾ? ಇತ್ತು. ಆದ್ರೆ ಅವಳ ಕಣ್ಣು ಆ ಅಂಗೈ ಮೇಲೆ ಬಿತ್ತು. ನೀರಲ್ಲಿ ತುಂಬ ಹೊತ್ತು ಆಡಿದ ಮಕ್ಕಳ ಕೈ ಸುಕ್ಕುಗಟ್ಟುತ್ತಲ್ಲ, ಹಾಗೆ ಸುಕ್ಕುಗಟ್ಟಿ, ಬೆಳ್ಳಗಾಗಿ, ಪಾಪ. ಕುಸಲಿ ಅಂದ್ಲಂತೆ, ಅಕ್ಕಾ, ಒದ್ದೆ ಅಚ್ಚಿಗೆ ಸೀಸ ಎರೀಬಾರದು ಅಂತ ನಮ್ಮಮ್ಮ ಹೇಳಿದಾಳೆ, ಬಾ, ಮೊದಲು ಕೂತ್ಕೋ, ಮೈ ಆರಿಸ್ಕೋ. ಅಷ್ಟು ವರ್ಷದಲ್ಲಿ ಅವಳಿಗೆ ಕೂತ್ಕೋ ಅಂದೋರು ಯಾರೂ ಇರಲಿಲ್ಲ. ಅವಳು ಕೆಂಡದ ಪಕ್ಕ ಕುಕ್ಕರುಗಾಲಲ್ಲಿ ಕೂತ್ಲು.

ಕುಸಲಿ ತನ್ನ ಸೆರಗಿಂದ ಆ ಕೈ ಒರೆಸಿದ್ಲು. ಒರೆಸಿದಷ್ಟೂ ನೀರು. ಸೆರಗು ಹಿಂಡಿ ಮತ್ತೆ ಒರೆಸಿದ್ಲು. ನೀರು ಕೂದಲಿಂದ ಇಳೀತಿದೆ ಅಂತ ಹಿಂದೆ ಹೋಗಿ ಕೂದಲು ಹಿಂಡಿ, ಸಿಕ್ಕು ಬಿಡಿಸಿ, ಬಾಚಿದ್ಲು. ಉದ್ದದ ಕಡೆಗೂ ಬಾಚಿದ್ಲು, ಅಪ್ಪ ಕೊಯ್ದ ಮೋಟು ಕಡೆಗೂ ಬಾಚಿದ್ಲು. ಕೂದಲೊಳಗಿಂದ ಮರಳು, ಚಿಪ್ಪು, ಹಳೇ ದಾರದ ತುಂಡುಗಳು ಉದುರಿದ್ವಂತೆ. ಆಗ ಗೊತ್ತಾಯ್ತು ಕುಸಲಿಗೆ, ಮಡುವಿನಲ್ಲಿ ಮರ ಇರಲೇ ಇಲ್ಲ ಅಂತ.

ಆಮೇಲೆ ಆ ಹೆಂಗಸಿನ ಕೈ ಎತ್ತಿ ತನ್ನ ಕೆನ್ನೆಗೆ ಒತ್ತಿ ನೋಡಿದ್ಲು. ಅಬ್ಬಾ, ಬಾವಿ ತಳದ ಕಲ್ಲಿನ ಹಾಗೆ ತಣ್ಣಗೆ! ಹಲ್ಲು ಕಟಕಟ ಅಂದುವಂತೆ. ಇನ್ನೂ ಆಗಿಲ್ಲ ಅಕ್ಕ ಅಂದು ಕೆಂಡ ಊದಿದ್ಲು.

ಬೆಂಕಿ ಹತ್ರ ಕೂತೋರು ಬಾಯಿ ಬಿಡದೆ ಇರ್ತಾರಾ? ಹೆಂಗಸು ನಿಧಾನಕ್ಕೆ ಹೇಳಿದ್ಲಂತೆ. ನಾನೂ ಈ ಊರಿನ ಸೊಸೆ. ಚಿಪ್ಪಿ ಆರಿಸೋಕೆ ಇಳಿತದಲ್ಲಿ ಹೋಗಿದ್ದೆ. ಬುಟ್ಟಿ ತುಂಬಲಿ, ಖಾಲಿ ಬುಟ್ಟಿ ತಗೊಂಡು ಹೋದ್ರೆ ಅತ್ತೆ ಬೈತಾರೆ ಅಂತ ಇನ್ನೂ ಮುಂದೆ ಹೋದೆ. ಭರತ ಬಂದುಬಿಡ್ತು. ಅತ್ತೆ ಮನೆಯೋರು ನಾನು ಸಿಟ್ಟು ಮಾಡ್ಕೊಂಡು ತವರಿಗೆ ಹೋದೆ ಅಂದ್ಕೊಂಡ್ರು. ತವರಿನೋರು ನಾನು ಅತ್ತೆ ಮನೇಲಿ ಸುಖವಾಗಿದೀನಿ ಅಂದ್ಕೊಂಡ್ರು. ಯಾರೂ ಹುಡುಕಲಿಲ್ಲ, ಯಾರೂ ಅಳಲಿಲ್ಲ. ಯಾರ ಎದೆಯೂ ಭಾರ ಆಗದೆ ಸತ್ತೋರು ಮುಳುಗೋಕೂ ಆಗಲ್ಲ, ಏಳೋಕೂ ಆಗಲ್ಲ ತಂಗಿ. ನೀರಲ್ಲಿ ಅಲೀತಾನೇ ಇರ್ತಾರೆ. ಎಷ್ಟೋ ಕಾಲದ ಮೇಲೆ ಯಾವನೋ ಒಬ್ಬ ಪುಣ್ಯಾತ್ಮನ ಗಾಳ ನನ್ನ ಕೂದಲಿಗೆ ಸಿಕ್ತು. ಅವನು ಎಳೀಲಿಲ್ಲ. ಇಟ್ಕೋ ಅಂದ. ಅವನ ಮಗನೂ ಇಟ್ಕೋ ಅಂದ. ಒಂದೊಂದೇ ಗುಂಡು ಸೇರಿ ಸೇರಿ ನಾನು ತಳಕ್ಕೆ ಹೋಗಿ ಮಲಗಿದ್ದೆ. ಈಗ ಮತ್ತೆ ಎದ್ದುಬಿಟ್ಟಿದೀನಿ. ನಿದ್ದೆ ಬರ್ತಿದೆ, ಮಲಗೋಕೆ ಆಗ್ತಿಲ್ಲ.

ಕುಸಲಿ ಕಣ್ಣು ತುಂಬಿ ಬಂತು. ಆದ್ರೆ ನೋಡು ಮಗಾ, ಕಷ್ಟ ಇರೋದೇ ಅಲ್ಲಿ. ಆ ಕಣ್ಣೀರು ಒಂದು ಹನಿ ಅಂಗೈಗೆ ಬಿದ್ರೆ ಮತ್ತೆ ಮೊದಲಿಂದ ಶುರು. ಅವಳು ಮುಖ ಆಚೆ ತಿರುಗಿಸಿ, ಮೊಣಕೈಯಲ್ಲಿ ಕಣ್ಣು ಒತ್ಕೊಂಡು, ಬಿಕ್ಕಿ ಬಿಕ್ಕಿ ಅತ್ಲಂತೆ. ಕಂಡು ಕೇಳರಿಯದ ಹೆಂಗಸಿಗಾಗಿ ಸ್ವಂತ ಅಕ್ಕನಿಗೆ ಅತ್ತ ಹಾಗೆ ಅತ್ಲಂತೆ. ಹಿಂದೆ ಕೂತಿದ್ದೋಳು ಉಸಿರೆಳೆದ ಸದ್ದು ಕೇಳಿಸ್ತಂತೆ.

ಅಷ್ಟರಲ್ಲಿ ತೆಂಗಿನ ಗರಿ ಅಲ್ಲಾಡಿದ್ವು. ಪಡುಗಾಳಿ ಎದ್ದಿತು. ಜಗಲಿ ಕಡೆಯಿಂದ ಅಪ್ಪ ಕೂಗ್ತಿದಾನೆ, ಕುಸಲೀ, ಹಗ್ಗ ಹೋಗ್ತಿದೆಯೇ, ಎರೆದುಬಿಡೇ! ಹೊನ್ನಮ್ಮ ಕೂಗ್ತಾಳೆ, ತುಳಸು ಕೂಗ್ತಾಳೆ, ಎರಿಯೇ ನಿಧಾನಗೇಡಿ, ಅಪ್ಪ ಹೋಗ್ತಾನೆ! ಜಟ್ಟಪ್ಪ ಆಗಲೇ ಮಾಡಿಗಿಂತ ಮೇಲೆ, ಒಣಹಾಕಿದ ಪಂಚೆ ಹಾಗೆ ಪಟಪಟ ಅಂತಿದ್ನಂತೆ, ಅಕ್ಕಂದಿರಿಬ್ಬರೂ ಹಗ್ಗಕ್ಕೆ ಜೋತುಬಿದ್ದಿದ್ರಂತೆ. ಕುಸಲಿ ಕೈ ಎತ್ತಿ ಕೆನ್ನೆಗೆ ಒತ್ತಿದ್ಲು. ತಣ್ಣಗಿದೆ. ಮೊದಲಿನಷ್ಟಿಲ್ಲ, ಆದ್ರೆ ತಣ್ಣಗಿದೆ. ಸೌಟಲ್ಲಿ ಸೀಸ ಕನ್ನಡಿ ಹಾಗೆ ಹೊಳೀತಾ ಇದೆ, ಅಪ್ಪ ಮೇಲೆ ಹೋಗ್ತಾ ಇದಾನೆ. ಯಾರಾದ್ರೂ ಎರೆದುಬಿಡ್ತಿದ್ರು. ನಾನಾದ್ರೂ ಎರೆದುಬಿಡ್ತಿದ್ದೆ. ಕುಸಲಿ ಎರೀಲಿಲ್ಲ. ಹಲ್ಲು ಕಚ್ಚಿ ಮತ್ತೆ ಕೆಂಡ ಊದಿದ್ಲು. ಆ ಕೈಯನ್ನ ತನ್ನ ಎರಡು ಕೈಯೊಳಗೆ ಇಟ್ಕೊಂಡು ಉಜ್ಜಿದ್ಲು. ದೀಪದ ಮಸಿ ತಗೊಂಡು ಅಂಗೈಗೆಲ್ಲ ಹಚ್ಚಿದ್ಲು, ಬೆರಳಲ್ಲಿ ಉಳಿದ ಚೂರನ್ನ ಅವಳ ಕಣ್ಣಿಗೂ ಕಾಡಿಗೆ ಹಾಗೆ ತೀಡಿದ್ಲು. ನಾನು ಕಾಡಿಗೆ ಹಚ್ಚಿ ಎಷ್ಟು ಕಾಲ ಆಗಿತ್ತೇ, ಅಂದ್ಲಂತೆ ಆ ಹೆಂಗಸು. ಆ ಮಾತಿನಲ್ಲಿ ಗುಳುಗುಳು ಇರಲಿಲ್ವಂತೆ. ಮನುಷ್ಯರ ಧ್ವನಿಯೇ ಇತ್ತಂತೆ.

ಮೂರನೇ ಸಲ ಕೆನ್ನೆಗೆ ಒತ್ತಿದ್ಲು. ಬೆಚ್ಚಗಿತ್ತು.

ಅದೇ ಹೊತ್ತಿಗೆ ಹಗ್ಗ ಫಟ್ ಅಂತು. ಕುಸಲಿ ತಿರುಗಿ ನೋಡಲಿಲ್ಲ. ಸೌಟು ಎತ್ತಿ ಸಣ್ಣ ಧಾರೆ ಮಾಡಿ, ಅವಸರ ಮಾಡದೆ, ಆ ಅಂಗೈಗೆ ಎರೆದ್ಲು. ಸಿಡೀಲಿಲ್ಲ. ಹಾಲು ಎರೆದ ಹಾಗೆ ಹೋಗಿ ಕೂತ್ಕೊಂಡಿತು. ಸೌಟು ಮುಗೀತು, ಮತ್ತೆ ತುಂಬಿ ಎರೆದ್ಲು, ಇನ್ನೊಮ್ಮೆ ತುಂಬಿ ಎರೆದ್ಲು. ಅಂಗೈ ಅಷ್ಟೇ ಅಂಗೈ, ಬುಟ್ಟಿ ಸೀಸ ಅಷ್ಟನ್ನೂ ಹಿಡೀತಂತೆ. ಕೊನೇ ಹನಿ ಬಿದ್ದಾಗ ಅವಳು ಮುಷ್ಟಿ ಮುಚ್ಚಿದ್ಲು. ಮುಚ್ಚಿದ ಗಳಿಗೆಗೆ ಅವಳು ಕೂತಿದ್ದ ಮರಳು ತಗ್ಗಾಯ್ತು. ಮನೆ ಮುಂದೆ ಧೊಪ್ ಅಂತ ಸದ್ದಾಯ್ತು. ಜಟ್ಟಪ್ಪ ಸಗಣಿ ಗುಂಡಿಗೆ ಬಿದ್ದಿದ್ದ! ಅಯ್ಯಯ್ಯೋ ಸೊಂಟ ಹೋಯ್ತು ಅಂತ ಬೊಬ್ಬೆ ಹಾಕ್ತಿದ್ರೆ ಹೊನ್ನಮ್ಮ, ತುಳಸು ಅಳ್ತಾ ನಗ್ತಾ ಅವನನ್ನ ಎತ್ತೋಕೆ ಹೋಗಿ ಎತ್ತಲಾರದೆ ತಾವೂ ಗುಂಡಿಗೆ ಬಿದ್ರಂತೆ. ಅಷ್ಟು ಭಾರ ಇದ್ನಂತೆ.

ಮನೆ ಹಿಂದೆ ಆ ಹೆಂಗಸು ಎದ್ದು ನಿಂತ್ಲು. ಕುಸಲಿ ಕೆನ್ನೆ ಸವರಿದ್ಲು. ಹೊಳೆ ಕಡೆ ನಡೆದುಹೋದ್ಲು. ಈ ಸಲ ಮರಳಲ್ಲಿ ಹೆಜ್ಜೆ ಮೂಡ್ತಾ ಹೋಯ್ತಂತೆ, ಆಳವಾದ ಹೆಜ್ಜೆ, ತುಂಬಿದ ಕೊಡ ಹೊತ್ತ ಹೆಂಗಸಿನ ಹೆಜ್ಜೆ ಹಾಗೆ. ನೀರು ಮೊಣಕಾಲಿಗೆ ಬಂತು, ಸೊಂಟಕ್ಕೆ ಬಂತು, ಕುತ್ತಿಗೆಗೆ ಬಂತು. ಒಂದು ಗುಳ್ಳೆ ಕೂಡ ಬರಲಿಲ್ವಂತೆ.

ಮಾರನೇ ಬೆಳಿಗ್ಗೆ ಜಟ್ಟಪ್ಪ ಸೊಂಟ ಹಿಡ್ಕೊಂಡು ಕೆಸರಿಗೆ ಇಳಿದ. ಒಂದು ಹೆಜ್ಜೆ ಇಟ್ಟು ಹಿಂದೆ ನೋಡಿದ. ಮೂಡಿದೆ. ಇನ್ನೊಂದು ಇಟ್ಟು ನೋಡಿದ. ಮೂಡಿದೆ. ಮುದುಕ ಕೆಸರಲ್ಲೇ ಕೂತು ತನ್ನ ಹೆಜ್ಜೆಗೆ ಕೈ ಮುಗಿದ್ನಂತೆ. ಆಮೇಲೆ ಸೀಸ ತರೋ ಸಾಬರೂ ಬಂದ್ರು, ಅಕ್ಕಂದಿರ ಮದುವೆಗಳೂ ಆದ್ವು, ಊರಿನೋರೆಲ್ಲ ಗುಂಡು ಎರೆಸೋಕೆ ಕುಸಲಿ ಹತ್ರಾನೇ ಬರೋರಂತೆ. ತಡ ಮಾಡ್ತಾಳೆ ಅಂತ ಬೈತಾನೇ ಬರೋರಂತೆ. ಅವಳೂ ಮದುವೆಯಾಗಿ ಹೊಳೆ ದಾಟಿ ಈ ಮನೆಗೇ ಬಂದ್ಲು, ಆ ಬಳಪದ ಕಲ್ಲಿನ ಅಚ್ಚು ತಂದ್ಲು, ಹಾಯಾಗಿ ಬಾಳಿದ್ಲು. ಇವತ್ತಿಗೂ ಕರಿಬಂಡೆ ಮಡುವಿನಲ್ಲಿ ಗಾಳ ಸಿಕ್ಕಿ ದಾರ ಕತ್ತರಿಸುವಾಗ ಬರೀ ಇಟ್ಕೋ ಅನ್ನಲ್ಲ. ಇಟ್ಕೋ ಅಕ್ಕ, ಮಲಗು, ಅಂತಾರೆ.

ಎಲ್ಲಿ, ನಿನ್ನ ಅಂಗೈ ಕೊಡು, ನನ್ನ ಕೆನ್ನೆಗೆ ಒತ್ತು. ಹಾಂ, ಬೆಚ್ಚಗಿದೆ. ಮಗಾ? ಹೂಂ ಅನ್ನೋದು ಬಿಟ್ಟು ಎಷ್ಟು ಹೊತ್ತಾಯ್ತೇ ನೀನು? ಕಾಲು ನೋಡು, ಎಷ್ಟು ಭಾರ ಆಗಿದೆ. ನಿದ್ದೆ ಬಂದ ಮಕ್ಕಳ ಭಾರಕ್ಕೆ ಸರಿಸಾಟಿ ಇಲ್ಲಪ್ಪ. ಮಲಗು ಬಂಗಾರ.

ಹಾಗಾದ್ರೆ ಇಷ್ಟು ಹೊತ್ತೂ ಹೂಂ ಅಂದೋರು... ಇರಲಿ. ಕೇಳಿದ್ಯಲ್ಲ ತಾಯೀ, ನಿನ್ನ ಕತೆ ಇಲ್ಲಿಗೆ ಮುಗೀತು. ನಮ್ಮ ಮನೇಲಿ ಮೂರು ತಲೆಮಾರು ನಿನಗಾಗಿ ಅತ್ತಿದೀವಿ. ಗೋಡೆ ತಣ್ಣಗಿರುತ್ತೆ, ಅಲ್ಲಿ ನಿಲ್ಲಬೇಡ. ನೀನೂ ಹೋಗಿ ಮಲಗು.